97 ಸುಳ್ಳಲ್ಲ, 8 ಕೂಡ ಸುಳ್ಳಲ್ಲ

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ಅಮ್ಮನ ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ 97 ತೋರಿಸುತ್ತದೆ, ಲ್ಯಾಬ್ ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ 8 ಎಂದಿದೆ, ಯಾವುದನ್ನು ನಂಬಲಿ ಎಂದು ಕೇಳಿದ್ದಿರಿ. ಫೋನಿನಲ್ಲಿ ಲೆಕ್ಕ ಹೇಳುವುದು ಕಷ್ಟ, ಅದಕ್ಕೇ ಬರೆಯುತ್ತಿದ್ದೇನೆ. ಎರಡನ್ನೂ ನಂಬಿ.

ರಕ್ತದಲ್ಲಿ ಆಮ್ಲಜನಕ ಹೊರುವುದು ಹಿಮೋಗ್ಲೋಬಿನ್. ಅದರ ಒಂದು ಅಣುವಿನಲ್ಲಿ ನಾಲ್ಕು ಪ್ರೋಟೀನ್ ಎಳೆಗಳಿವೆ. ಒಂದೊಂದು ಎಳೆಯಲ್ಲೂ ಹೀಮ್ ಎಂಬ ಒಂದು ಭಾಗ, ಅದರ ನಟ್ಟನಡುವೆ ಒಂದು ಕಬ್ಬಿಣದ ಪರಮಾಣು. ಒಂದು ಕಬ್ಬಿಣಕ್ಕೆ ಒಂದು ಆಮ್ಲಜನಕದ ಅಣು, ಒಟ್ಟು ನಾಲ್ಕು. ಆಕ್ಸಿಮೀಟರ್ ಕೆಂಪು ಮತ್ತು ಅತಿಗೆಂಪು ಬೆಳಕು ಹಾಯಿಸಿ ನೋಡುವುದು, ಇರುವ ಹಿಮೋಗ್ಲೋಬಿನ್ನಿನಲ್ಲಿ ನೂರಕ್ಕೆ ಎಷ್ಟು ಪಾಲು ತುಂಬಿದೆ ಎಂಬುದನ್ನಷ್ಟೇ. ಕೊಡ ತುಂಬಿದೆಯೇ ಎಂದು ಹೇಳುತ್ತದೆ, ಕೊಡ ಎಷ್ಟಿವೆ ಎಂದು ಹೇಳುವುದಿಲ್ಲ.

1 ಗ್ರಾಂ ಹಿಮೋಗ್ಲೋಬಿನ್ ಪೂರ್ತಿ ತುಂಬಿದರೆ ಸುಮಾರು 1.34 ಮಿಲಿಲೀಟರ್ ಆಮ್ಲಜನಕ ಹೊರುತ್ತದೆ. 100 ಮಿಲಿ ರಕ್ತದಲ್ಲಿ 14 ಗ್ರಾಂ ಇದ್ದರೆ, 97ರ ಲೆಕ್ಕದಲ್ಲಿ 18.2 ಮಿಲಿ. ಅಮ್ಮನ 8 ಗ್ರಾಂಗೆ ಬರೀ 10.4. ರಕ್ತದ ನೀರಿನಲ್ಲಿ ನೇರವಾಗಿ ಕರಗಿರುವುದು 0.3 ಮಿಲಿ, ಅದು ಲೆಕ್ಕಕ್ಕೇ ಇಲ್ಲ.

ಹಾಗಾದರೆ ಆಕ್ಸಿಜನ್ ಸಿಲಿಂಡರ್ ತರಲೇ ಎಂದಿರಿ. ಬೇಡ ಅಪ್ಪ. 97 ಹೋಗಿ 100 ಆದರೆ ಸಿಗುವುದು ಇನ್ನೊಂದು 0.3 ಮಿಲಿ, ಜೊತೆಗೆ ಕರಗಿದ್ದು ಸ್ವಲ್ಪ ಹೆಚ್ಚಬಹುದು. ಕೊರತೆ ಇರುವುದು ಗಾಳಿಯದಲ್ಲ, ಹೊರುವವರದು.

ಹೊತ್ತುಕೊಳ್ಳುವುದಕ್ಕಿಂತ ಇಳಿಸುವ ಕೆಲಸವೇ ಜಾಣತನದ್ದು. ಮೊದಲ ಆಮ್ಲಜನಕ ಕೂತೊಡನೆ ಅಣುವಿನ ಆಕಾರ ಬದಲಾಗಿ ಉಳಿದವು ಸಲೀಸಾಗಿ ಕೂರುತ್ತವೆ, ಇಳಿಯುವಾಗಲೂ ಹಾಗೆಯೇ. ಶ್ವಾಸಕೋಶದಲ್ಲಿ ಆಮ್ಲಜನಕದ ಒತ್ತಡ ಪಾದರಸದ 100 ಮಿಲಿಮೀಟರ್ ಆಸುಪಾಸು. ಅದು 60ಕ್ಕೆ ಇಳಿದರೂ 90 ಪಾಲು ತುಂಬಿಯೇ ಇರುತ್ತದೆ, ಅಲ್ಲಿಂದ ಕೆಳಗೆ ಮಾತ್ರ ಜಾರುಬಂಡೆ. ಆಕ್ಸಿಮೀಟರಿನಲ್ಲಿ 90 ಕಂಡರೆ ವೈದ್ಯರು ಗಾಬರಿಯಾಗುವುದು ಇದಕ್ಕೇ. ದುಡಿಯುವ ಸ್ನಾಯುವಿನ ಬಿಸಿ, ಆಮ್ಲ, ಇಂಗಾಲದ ಡೈಆಕ್ಸೈಡ್ ಹಿಮೋಗ್ಲೋಬಿನ್ನಿನ ಹಿಡಿತವನ್ನು ಇನ್ನೂ ಸಡಿಲಿಸುತ್ತವೆ. ಇಂಗಾಲದ ಡೈಆಕ್ಸೈಡಿನ ಈ ಪ್ರಭಾವವನ್ನು 1904ರಲ್ಲಿ ತೋರಿಸಿದವರು ಕ್ರಿಸ್ಟಿಯನ್ ಬೋರ್, ಪರಮಾಣು ವಿಜ್ಞಾನಿ ನೀಲ್ಸ್ ಬೋರ್ ಅವರ ತಂದೆ.

ಸುಮ್ಮನೆ ಕೂತಾಗ ದೇಹ, ರಕ್ತ ಹೊತ್ತು ತಂದ ಆಮ್ಲಜನಕದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಪಾಲನ್ನಷ್ಟೇ ಬಳಸಿಕೊಳ್ಳುತ್ತದೆ. ಅದಕ್ಕೇ ಅಮ್ಮ ಕೂತಲ್ಲಿ ಚೆನ್ನಾಗಿರುತ್ತಾರೆ, ಮೆಟ್ಟಿಲು ಹತ್ತಿದರೆ ಎದೆ ಡವಗುಟ್ಟುತ್ತದೆ: ಕಡಿಮೆ ಸರಕನ್ನು ಹೆಚ್ಚು ಸಲ ಸಾಗಿಸಲು ಹೃದಯ ಓಡಬೇಕು.

ತಣ್ಣಗಿನ ಬೆರಳು, ಉಗುರುಬಣ್ಣ, ನಡುಗುವ ಕೈ ಆಕ್ಸಿಮೀಟರನ್ನು ದಾರಿ ತಪ್ಪಿಸುತ್ತವೆ. ಇವಕ್ಕಿಂತ ಅಪಾಯದ ತಪ್ಪು ಇನ್ನೊಂದಿದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದಾಗ ಬರುವ ಕಾರ್ಬನ್ ಮೊನಾಕ್ಸೈಡ್ ಕಬ್ಬಿಣಕ್ಕೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮೀರಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಯಂತ್ರ ಅದನ್ನೂ ಆಮ್ಲಜನಕವೆಂದೇ ಎಣಿಸಿ 98 ತೋರಿಸಬಹುದು.

ವೈದ್ಯರ ಹತ್ತಿರ ಫೆರಿಟಿನ್ (ದೇಹದಲ್ಲಿರುವ ಕಬ್ಬಿಣದ ದಾಸ್ತಾನು ತಿಳಿಸುವ ಪರೀಕ್ಷೆ) ಮತ್ತು ವಿಟಮಿನ್ ಬಿ12 ಪರೀಕ್ಷೆಯ ಬಗ್ಗೆ ಕೇಳಿ. ಎಲ್ಲಾದರೂ ರಕ್ತ ಸೋರುತ್ತಿದೆಯೇ ಎಂಬುದನ್ನೂ ವಿಚಾರಿಸಿ. ಕಬ್ಬಿಣದ ಮಾತ್ರೆ ಕೊಟ್ಟರೆ ಕ್ಯಾಲ್ಸಿಯಂ ಮಾತ್ರೆಯ ಜೊತೆ ನುಂಗಿಸಬೇಡಿ, ಕಬ್ಬಿಣ ಹೀರುವುದಕ್ಕೆ ಅದು ಅಡ್ಡಿ. ಮಲ ಕಪ್ಪಾದರೆ ಮಾತ್ರೆಯಿಂದಲೇ ಇರಬಹುದು, ಆದರೆ ಟಾರಿನ ಹಾಗೆ ಅಂಟಂಟಾಗಿದ್ದರೆ ತಡಮಾಡದೆ ತೋರಿಸಿ. ಹಿಮೋಗ್ಲೋಬಿನ್ 12 ದಾಟಿತೆಂದು ಮಾತ್ರೆ ನಿಲ್ಲಿಸಬೇಡಿ, ದಾಸ್ತಾನು ತುಂಬಲು ಸಾಮಾನ್ಯವಾಗಿ ಇನ್ನೂ ಮೂರು ತಿಂಗಳು ಬೇಕು. ಕೂತಲ್ಲೇ ಏದುಸಿರು ಅಥವಾ ಎದೆನೋವು ಬಂದರೆ ಆಕ್ಸಿಮೀಟರ್ ಹುಡುಕುತ್ತಾ ಕೂರದೆ ಆಸ್ಪತ್ರೆಗೆ ಹೊರಡಿ.

ಹೊಸ ರಿಪೋರ್ಟಿನ ಫೋಟೋ ಕಳಿಸಿ. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಇಂತಿ ನಿಮ್ಮ ಮಗಳು