ಚಳಿಗಾಲದ ಟೈರು: ನಾಲ್ಕೂ ಚಕ್ರಗಳಿಗೆ ಹಾಕಿಸಿ

ಮ್ಯೂನಿಕ್ ಬಳಗದ ಸದಸ್ಯರಿಗೆ ನಮಸ್ಕಾರ. ಎಂಜಿನ್ನಿನ ಬಲ ಮುಂದಿನ ಚಕ್ರಗಳಿಗೆ ಹೋಗುವ ಕಾರಾದ್ದರಿಂದ ಆ ಎರಡಕ್ಕೆ ಮಾತ್ರ ಚಳಿಗಾಲದ ಟೈರು ಹಾಕಿಸಿದರೆ ಸಾಲದೇ ಎಂದು ಕೆಲವರು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಮುಂದಿನವು ಹಿಮವನ್ನು ಕಚ್ಚಿ ಹಿಡಿದರೂ, ಹಿಂದಿನ ಬೇಸಿಗೆ ಟೈರುಗಳ ರಬ್ಬರು ಚಳಿಗೆ ಗಟ್ಟಿಯಾಗಿ ಹಿಡಿತ ತಪ್ಪುವುದರಿಂದ, ತಿರುವಿನಲ್ಲಿ ಬ್ರೇಕ್ ಒತ್ತಿದೊಡನೆ ಹಿಂಭಾಗ ಪಕ್ಕಕ್ಕೆ ಜಾರಿ ಗಾಡಿ ಗಿರ್ರನೆ ತಿರುಗಿಬಿಡಬಹುದು. ಹಿಂದಿನ ಸೀಟಿನಲ್ಲಿ ಕೂರುವವರು ಹೆಚ್ಚಾಗಿ ನಮ್ಮ ಮಕ್ಕಳೇ. ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿರುವ ಗುರುತನ್ನು ನೋಡಿಯೇ ಕೊಳ್ಳಿರಿ. ಹಿಮ ಬಿದ್ದ ರಸ್ತೆಗೆ ‘ಎಂ+ಎಸ್’ (ಕೆಸರು ಮತ್ತು ಹಿಮ ಎಂಬರ್ಥದ) ಗುರುತೊಂದೇ ಇರುವ ಟೈರು 2024ರ ಅಕ್ಟೋಬರಿನಿಂದ ಜರ್ಮನಿಯಲ್ಲಿ ನಡೆಯುವುದಿಲ್ಲ. ಟೈರಿನ ಮೇಲಿನ ಗೀರುಗಳ ಆಳ 1.6 ಮಿ.ಮೀ. ಇದ್ದರೆ ಕಾನೂನು ಒಪ್ಪುತ್ತದಾದರೂ, 4 ಮಿ.ಮೀ.ಗಿಂತ ಕಡಿಮೆ ಆಳ ಉಳಿಯುವಷ್ಟು ಸವೆದದ್ದನ್ನು ಹಿಮದಲ್ಲಿ ನಂಬಬೇಡಿ. ಹಾಕಿಸಿದ ಮೇಲೆ ಸುಮಾರು 50 ಕಿ.ಮೀ. ಓಡಿಸಿ, ಬೋಲ್ಟುಗಳ ಬಿಗಿಯನ್ನು ಮತ್ತೊಮ್ಮೆ ನೋಡಿಸಿ.