ಮೆಟ್ಟಿಲೇರಿದ ಪಿಯಾನೋ

ಸಿನಿಮಾಕ್ಕೆ ಮಾತು ಬಂದ ಹೊಸದರಲ್ಲಿ, ಅಂಗಚೇಷ್ಟೆಯಿಂದಲೇ ನಗಿಸುತ್ತಿದ್ದ ಎಷ್ಟೋ ಹಾಸ್ಯನಟರು ಮಂಕಾದರು. ಸ್ಟ್ಯಾನ್ ಲಾರೆಲ್ ಮತ್ತು ಆಲಿವರ್ ಹಾರ್ಡಿ ಜೋಡಿ ಮಾತ್ರ ಮೂಕಿಯಿಂದ ಟಾಕಿಗೆ ಸಲೀಸಾಗಿ ಬಂದಿತು. ಅದು ಹೇಗೆ ಸಾಧ್ಯವಾಯಿತೆಂದು ತಿಳಿಯಲು 1932ರ ‘ದಿ ಮ್ಯೂಸಿಕ್ ಬಾಕ್ಸ್’ ನೋಡಬೇಕು. ಹಾಲ್ ರೋಚ್ ಸ್ಟುಡಿಯೋಗಾಗಿ ಜೇಮ್ಸ್ ಪ್ಯಾರಟ್ ನಿರ್ದೇಶಿಸಿದ, ಅರ್ಧ ಗಂಟೆಯಷ್ಟೇ ಇರುವ ಈ ಚಿತ್ರದಲ್ಲಿ, ಗುಡ್ಡದ ಮೇಲಿನ ಮನೆಯೊಂದಕ್ಕೆ ಪಿಯಾನೋ ತಲುಪಿಸುವುದೇ ಕಥೆ.

ಇದೇ ಜೋಡಿ 1927ರ ಮೂಕಿಚಿತ್ರ ‘ಹ್ಯಾಟ್ಸ್ ಆಫ್’ನಲ್ಲಿ ಬಟ್ಟೆ ಒಗೆಯುವ ಯಂತ್ರವೊಂದನ್ನು ಹೊತ್ತು ಮೆಟ್ಟಿಲು ಹತ್ತಿತ್ತು. ದುರದೃಷ್ಟವಶಾತ್ ಆ ಚಿತ್ರದ ಪ್ರತಿ ಎಲ್ಲಿಯೂ ಉಳಿದಿಲ್ಲ. ಐದು ವರ್ಷಗಳ ನಂತರ ಅದೇ ಎಳೆಯನ್ನು ಮತ್ತೆ ಕೈಗೆತ್ತಿಕೊಂಡಾಗ ಯಂತ್ರದ ಜಾಗಕ್ಕೆ ಪಿಯಾನೋ ಬಂದಿತು, ಮತ್ತು ಚಿತ್ರದ ಜೀವವಿರುವುದು ಈ ಬದಲಾವಣೆಯಲ್ಲಿಯೇ ಎಂದು ನಾನು ನಂಬಿದ್ದೇನೆ. ಮುಚ್ಚಿದ ಮರದ ಪೆಟ್ಟಿಗೆ ಕೈತಪ್ಪಿ ಉರುಳುವಾಗಲೆಲ್ಲ ಒಳಗಿನ ತಂತಿಗಳು ಝಣಝಣಿಸಿ ನರಳುತ್ತವೆ. ಪಿಯಾನೋ ಕಣ್ಣಿಗೆ ಬೀಳದಿದ್ದರೂ ಅದರ ಪಾಡೇನಾಗಿದೆಯೆಂದು ಕಿವಿಗೆ ಗೊತ್ತಾಗುತ್ತದೆ. ಮನೆಯೊಳಗೆ ಆ ಸ್ವಯಂಚಾಲಿತ ಪಿಯಾನೋ ತಾನಾಗಿಯೇ ನುಡಿಯತೊಡಗಿ, ಇಬ್ಬರೂ ಕಸ ಗುಡಿಸುತ್ತಲೇ ಹೆಜ್ಜೆ ಹಾಕುವ ದೃಶ್ಯಕ್ಕೆ, ಕ್ಯಾಮೆರಾದ ಆಚೆ ಕುಳಿತು ನುಡಿಸಿದವರು ಸಂಗೀತಗಾರ ಮಾರ್ವಿನ್ ಹ್ಯಾಟ್ಲಿ.

ಅಷ್ಟೆಲ್ಲ ಪಾಡುಪಟ್ಟು ಮೇಲೆ ತಲುಪಿದವರಿಗೆ ಅಂಚೆಯವನೊಬ್ಬ ಎದುರಾಗಿ, ಗುಡ್ಡದ ಇನ್ನೊಂದು ಬದಿಯಿಂದ ಗಾಡಿಯಲ್ಲಿಯೇ ಬರಬಹುದಿತ್ತಲ್ಲ ಎನ್ನುತ್ತಾನೆ. ಇಬ್ಬರೂ ಒಂದಿಷ್ಟೂ ಯೋಚಿಸದೆ, ಪಿಯಾನೋವನ್ನು ಮತ್ತೆ ಕೆಳಗಿಳಿಸಿ ಕುದುರೆಗಾಡಿಗೆ ಹೇರಿಕೊಂಡು ಆ ದಾರಿ ಹಿಡಿಯುತ್ತಾರೆ! ಇವರ ಸ್ವಭಾವವನ್ನು ಇಷ್ಟು ಚೆನ್ನಾಗಿ ಕಟ್ಟಿಕೊಡುವ ಸನ್ನಿವೇಶ ಬೇರೊಂದಿಲ್ಲ.

ಆ ವರ್ಷ ಆಸ್ಕರ್ ನೀಡುವ ಅಕಾಡೆಮಿಯವರು ಹಾಸ್ಯ ಕಿರುಚಿತ್ರಕ್ಕೆ ಮೊದಲ ಬಾರಿಗೆ ನೀಡಿದ ಪ್ರಶಸ್ತಿ ಇದಕ್ಕೇ ದೊರೆಯಿತು. 1997ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೂ, ಅಂದರೆ ಕಾಪಿಡಬೇಕಾದ ಚಿತ್ರಗಳ ಪಟ್ಟಿಗೂ, ಸೇರಿತು.

ತುದಿಯಲ್ಲಿ ಕಾಣುವ ಮನೆ ಸ್ಟುಡಿಯೋದ ಸೆಟ್ಟು. ಮೆಟ್ಟಿಲುಗಳು ಮಾತ್ರ ನಿಜವಾದವು. ಲಾಸ್ ಏಂಜಲೀಸ್‌ನ ಸಿಲ್ವರ್ ಲೇಕ್ ಬಡಾವಣೆಯ ವೆಂಡೋಮ್ ಬೀದಿಯಲ್ಲಿ ಅವು ಇಂದಿಗೂ ಇವೆ. ಚಿತ್ರದ ಹೆಸರಿನ ಫಲಕವೂ ಇದೆ. ಊರಿನಿಂದ ಬಂದ ತಂದೆತಾಯಿಗೆ ಹಾಲಿವುಡ್ ತೋರಿಸಲು ಹೊರಡುವವರು ಇದನ್ನೂ ಪಟ್ಟಿಗೆ ಸೇರಿಸಿಕೊಳ್ಳಬೇಕೆಂದು ಕೋರುತ್ತೇನೆ. ಇಕ್ಕೆಲದಲ್ಲಿ ಜನರು ವಾಸಿಸುವ ಮನೆಗಳಿರುವುದರಿಂದ ಗದ್ದಲ ಮಾಡದೆ ನೋಡಿಬರುವುದು ಒಳ್ಳೆಯದು. ಮಂಡಿನೋವಿರುವ ಹಿರಿಯರು ಕೆಳಗಿನ ಬೀದಿಯಲ್ಲಿ ನಿಂತೇ ಎಲ್ಲವನ್ನೂ ನೋಡಬಹುದು.