ತಮಿಳು ಫೈಟು, ತಮಿಳು ನಗು: ಗೆಳೆಯನಿಗೊಂದು ಪತ್ರ

ಗೆಳೆಯಾ,

ನಿನ್ನ ಮೆಸೇಜು ಓದಿ ನಗು ಬಂತು. ತಮಿಳು ಆ್ಯಕ್ಷನ್ ಅಂದ್ರೆ ಹೀರೋ ಸ್ಲೋ ಮೋಷನ್‌ನಲ್ಲಿ ನಡೆಯೋದು, ಕಾಮಿಡಿ ಅಂದ್ರೆ ಒಬ್ಬ ಕಿರುಚೋದು, ಇನ್ನೊಬ್ಬ ಒದೆ ತಿನ್ನೋದು, ಇದರಲ್ಲಿ ನೋಡೋಕೇನಿದೆ ಅಂತ ಕೇಳಿದ್ದೀಯ. ಅರ್ಧ ನಿಜ ಬಿಡು. ಉಳಿದರ್ಧಕ್ಕಾಗಿ ಒಂದಷ್ಟು ಸಿನಿಮಾ ಹೇಳುತ್ತೇನೆ. ಫೈಟಿಗೊಂದು ಪಟ್ಟಿ, ನಗುವಿಗೊಂದು ಪಟ್ಟಿ ಅಂತ ಕೇಳಿದ್ದೆಯಲ್ಲ, ಹಾಗೆ ಬೇರೆ ಮಾಡೋಕೆ ನನಗೆ ಬರಲ್ಲ. ನಾನು ನೋಡೋದು ಒಂದೇ: ಏಟು ಬೀಳೋ ಮುಂಚೆ, ನಗು ಒಡೆಯೋ ಮುಂಚೆ ನಮ್ಮನ್ನು ಎಷ್ಟು ಚೆನ್ನಾಗಿ ಕಾಯಿಸುತ್ತಾರೆ ಅಂತ.

1995ರ ‘ಬಾಷಾ’ ತಗೋ. ಕಥೆ ನಿನಗೆ ಗೊತ್ತೇ ಇದೆ. 2001ರಲ್ಲಿ ವಿಷ್ಣುವರ್ಧನ್ ‘ಕೋಟಿಗೊಬ್ಬ’ ಮಾಡಿದ್ದು ಇದನ್ನೇ. ಒಂದು ಕಾಲದಲ್ಲಿ ಬಾಷಾ ಅನ್ನೋ ಹೆಸರಿನ ಡಾನ್ ಆಗಿದ್ದವನು ಅದನ್ನು ಮುಚ್ಚಿಟ್ಟು ಆಟೋ ಓಡಿಸಿಕೊಂಡಿರುತ್ತಾನೆ. ಬಹಳ ಹೊತ್ತು ರಜನಿಕಾಂತ್ ಬರೀ ಆಟೋ ಮಾಣಿಕ್ಯಂ. ತಲೆ ತಗ್ಗಿಸಿ ನಡೀತಾನೆ. ಕಂಬಕ್ಕೆ ಕಟ್ಟಿ ಹೊಡೆದರೂ ಕೈ ಎತ್ತಲ್ಲ. ನನಗೆ ಆ ಸಿನಿಮಾದ ದೊಡ್ಡ ಫೈಟು ಅಂದ್ರೆ ಒಂದೂ ಏಟಿಲ್ಲದ ಸೀನು. ತಂಗಿಗೆ ಮೆಡಿಕಲ್ ಸೀಟು ಕೇಳೋಕೆ ಹೋಗಿರುತ್ತಾನೆ. ಅಲ್ಲಿ ಕೂತವನು ಕೊಳಕು ಮನುಷ್ಯ. ಮಾಣಿಕ್ಯಂ ತಂಗಿಯನ್ನು ಹೊರಗೆ ಕಳಿಸುತ್ತಾನೆ, ತನಗೆ ಇನ್ನೊಂದು ಹೆಸರಿದೆ ಅಂತ ಶುರು ಮಾಡುತ್ತಾನೆ. ಅಷ್ಟಕ್ಕೆ ಮಾತು ಕಟ್. ಉಳಿದಿದ್ದನ್ನು ನಾವು ತಂಗಿಯ ಜೊತೆ ಗಾಜಿನ ಆಚೆಯಿಂದ ನೋಡಬೇಕು. ಒಳಗೆ ಏನು ಹೇಳಿದ ಅಂತ ಕೇಳಿಸೋದೇ ಇಲ್ಲ. ಎದುರಿಗಿದ್ದವನ ಮುಖ ಇಳಿಯೋದು ಮಾತ್ರ ಕಾಣುತ್ತದೆ. ಸೀಟು ಸಿಕ್ಕಿತು! ಏನು ಹೇಳಿದೆ ಅಂತ ತಂಗಿ ಕೇಳಿದರೆ, ನಿಜ ಹೇಳಿದೆ ಅಂತಾನೆ. ನಿರ್ದೇಶಕ ಸುರೇಶ್ ಕೃಷ್ಣ ಆ ಬಾಗಿಲ ಒಳಗೆ ಕ್ಯಾಮೆರಾ ಇಟ್ಟುಕೊಂಡಿದ್ದರೆ ಅದೊಂದು ಮಾಮೂಲಿ ಡೈಲಾಗು ಆಗಿಬಿಡುತ್ತಿತ್ತು, ಅಲ್ವಾ?

ಈಗ ಇದೇ ಕಣ್ಣಲ್ಲಿ 1989ರ ‘ಕರಗಾಟ್ಟಕ್ಕಾರನ್’ ಬಾಳೆಹಣ್ಣಿನ ಸೀನು ನೋಡು. ಯೂಟ್ಯೂಬಲ್ಲಿ ಹುಡುಕಿದರೆ ಕೂಡಲೇ ಸಿಗುತ್ತದೆ. ತಮಿಳಿನ ಹಾಸ್ಯ ಜೋಡಿ ಗೌಂಡಮಣಿ, ಸೆಂಥಿಲ್ ಇದರಲ್ಲಿದ್ದಾರೆ. ಗೌಂಡಮಣಿ ದುಡ್ಡು ಕೊಟ್ಟು ಎರಡು ಹಣ್ಣು ತರೋಕೆ ಸೆಂಥಿಲ್‌ನನ್ನು ಕಳಿಸಿದ್ದಾನೆ. ಬಂದಿರೋದು ಒಂದು. ಇನ್ನೊಂದು ಎಲ್ಲಿ ಅಂದ್ರೆ, ಅದೇ ಇದು ಅಂತಾನೆ. ಜೋಕು ಅಷ್ಟೇ ಕಣೋ, ಬರೆದರೆ ಒಂದು ಸಾಲು. ಆದರೆ ಸೆಂಥಿಲ್ ಮುಖ ನೋಡು. ಸುಳ್ಳು ಹೇಳ್ತಿರೋ ಕಳ್ಳನ ಮುಖ ಅಲ್ಲ, ಲೆಕ್ಕ ಸರಿಯಾಗಿ ಒಪ್ಪಿಸ್ತಿರೋ ಗುಮಾಸ್ತನ ಮುಖ. ಈ ಕಡೆ ಗೌಂಡಮಣಿಯ ಧ್ವನಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಆ ಕಡೆ ಇವನು ಅಲುಗಾಡಲ್ಲ. ಈ ಜೋಡಿಯ ಎಲ್ಲ ಕಾಮಿಡಿಯೂ ಹೀಗಿಲ್ಲ ಅಂತಲೂ ಹೇಳಿಬಿಡುತ್ತೇನೆ. ಮೈಬಣ್ಣ, ಮೈಕಟ್ಟು ಹಿಡಿದು ಆಡಿಕೊಳ್ಳೋದು ಜಾಸ್ತಿ. ಈಗ ನೋಡಿದರೆ ನಗು ಬರಲ್ಲ, ಫಾರ್ವರ್ಡ್ ಮಾಡು.

ಹಾಸ್ಯನಟ ವಡಿವೇಲು ಬಗ್ಗೆ ಬರೆಯೋಕೆ ಕೂತರೆ ಈ ಪತ್ರ ಮುಗಿಯಲ್ಲ. 2001ರ ‘ಫ್ರೆಂಡ್ಸ್’ನಲ್ಲಿ ಅವನು ಮಾಡಿದ ಕಾಂಟ್ರಾಕ್ಟರ್ ನೇಸಮಣಿಯ ತಲೆ ಮೇಲೆ ಸುತ್ತಿಗೆ ಬೀಳೋದು ನೆನಪಿದೆಯಾ? 2019ರಲ್ಲಿ ಇದ್ದಕ್ಕಿದ್ದಂತೆ ಜಾಲತಾಣದ ತುಂಬಾ ಜನ ನೇಸಮಣಿ ಹುಷಾರಾಗಲಿ ಅಂತ ಪ್ರಾರ್ಥನೆ ಮಾಡಿದರಲ್ಲ, ಅದೇ ಸುತ್ತಿಗೆ.

ನನ್ನ ಕೇಳಿದರೆ ಎಲ್ಲಕ್ಕಿಂತ ಮೇಲೆ 1990ರ ‘ಮೈಕೇಲ್ ಮದನ ಕಾಮರಾಜನ್’. ನಿರ್ದೇಶಕರು ನಮಗೆ ಪರಕೀಯರಲ್ಲ: ‘ಹಾಲು ಜೇನು’ ಮಾಡಿದ, ಬೆಂಗಳೂರಲ್ಲೇ ‘ಪುಷ್ಪಕ ವಿಮಾನ’ ತೆಗೆದ ಸಿಂಗೀತಂ ಶ್ರೀನಿವಾಸ ರಾವ್. ಮಾತು ಕ್ರೇಜಿ ಮೋಹನ್‌ದು. ಕಮಲ್‌ಗೆ ನಾಲ್ಕು ಪಾತ್ರ. ಅದರಲ್ಲಿ ಪಾಲಕ್ಕಾಡಿನ ಅಡುಗೆಭಟ್ಟ ಕಾಮೇಶ್ವರನ್ ನನ್ನ ಪ್ರೀತಿಯವನು. ಬ್ರಾಹ್ಮಣರ ಮದುವೆ ಮನೆ, ಸಾಂಬಾರಿಗೆ ಮೀನು ಬಿದ್ದುಬಿಡುತ್ತದೆ. ಕೂಗೋ ಹಾಗಿಲ್ಲ, ಬಡಿಸದೇ ಇರೋ ಹಾಗೂ ಇಲ್ಲ. ಕಾಮೇಶ್ವರನ್ ಮತ್ತು ಅವನನ್ನು ಸಾಕಿದ ಅಪ್ಪ ಡೆಲ್ಲಿ ಗಣೇಶ್, ಇಬ್ಬರೂ ಬೆವರುತ್ತಾ ಪಿಸುಗುಟ್ಟೋದು ನೋಡಬೇಕು. ಯಾವ ಬಾಂಬ್ ಸೀನಿಗೂ ಆ ಮೀನಿನಷ್ಟು ಟೆನ್ಷನ್ ಇಲ್ಲ. ಕೊನೆಗೆ ಬೆಟ್ಟದ ಅಂಚಿನ ಮನೆ ತಕ್ಕಡಿ ಥರ ಆ ಕಡೆ ಈ ಕಡೆ ವಾಲುವಾಗ ಅದು ಫೈಟಾ ಕಾಮಿಡಿಯಾ ಅಂತ ನೀನೇ ಹೇಳು. ಮಾತಿನ ಚಮತ್ಕಾರ ಸಬ್‌ಟೈಟಲ್‌ನಲ್ಲಿ ಒಂದಿಷ್ಟು ಸೋರಿ ಹೋಗುತ್ತದೆ. ಹೋಗಲಿ, ಉಳಿದಿದ್ದೇ ಸಾಕಷ್ಟಿದೆ.

ಹೊಸದರಲ್ಲಿ ಲೋಕೇಶ್ ಕನಗರಾಜ್ ಅವರ ‘ಕೈದಿ’ (2019) ತಪ್ಪಿಸಬೇಡ. ಹಾಡಿಲ್ಲ, ಹೀರೋಯಿನ್ ಇಲ್ಲ, ಒಂದೇ ರಾತ್ರಿಯ ಕಥೆ. ಜೈಲಿಂದ ಬಂದ ಡಿಲ್ಲಿಗೆ (ಕಾರ್ತಿ ಮಾಡಿರೋ ಪಾತ್ರ) ಬೆಳಗಾದರೆ ಅನಾಥಾಶ್ರಮದಲ್ಲಿರೋ ಮಗಳ ಮುಖ ಮೊದಲ ಸಲ ನೋಡಬೇಕು. ಪ್ರಜ್ಞೆ ತಪ್ಪಿದ ಪೊಲೀಸರನ್ನು ಲಾರಿಗೆ ತುಂಬಿಕೊಂಡು ಓಡಿಸೋ ಕೆಲಸ ಅವನ ತಲೆಗೆ ಕಟ್ಟುತ್ತಾರೆ. ಇಷ್ಟೆಲ್ಲ ಗಲಾಟೆ ಮಧ್ಯೆ ಕಾರ್ತಿ ಕೂತು ಬಿರಿಯಾನಿ ತಿನ್ನುತ್ತಾನೆ ನೋಡು, ಅದೂ ಬಕಾಸುರನ ಹಾಗೆ! ಹೊಡೆದಾಟ ಮಾಡಿಸಿದ ಅನ್ಬರಿವ್ ಜೋಡಿ ನಮ್ಮ ‘ಕೆಜಿಎಫ್’ಗೂ ಕೆಲಸ ಮಾಡಿದವರೇ. ನನಗೆ ಡಿಲ್ಲಿಗಿಂತ ಇಷ್ಟವಾಗಿದ್ದು ಜಾರ್ಜ್ ಮರಿಯನ್ ಮಾಡಿರೋ ಕಾನ್‌ಸ್ಟೇಬಲ್ ನೆಪೋಲಿಯನ್. ಹೊಟ್ಟೆ ಬಂದಿರೋ ಮನುಷ್ಯ, ಒಂದಷ್ಟು ಕಾಲೇಜು ಹುಡುಗರನ್ನು ಕಟ್ಟಿಕೊಂಡು ರೌಡಿ ಪಡೆಯನ್ನೇ ಬಾಗಿಲಾಚೆ ತಡೆದು ನಿಲ್ಲಿಸುತ್ತಾನೆ. ಕೊನೆಯಲ್ಲಿ ಆ ದೈತ್ಯ ಮೆಷಿನ್ ಗನ್ ಬಂದಾಗ ಮಾತ್ರ ನನಗೆ ಬೇಜಾರಾಯಿತು. ಅಲ್ಲಿವರೆಗೂ ಬರಿಗೈಯಲ್ಲೇ ಕಾಯಿಸಿದವರಿಗೆ ಅದ್ಯಾಕೆ ಬೇಕಿತ್ತೋ!

‘ಜೈಲರ್’ (2023) ನೀನು ಶಿವಣ್ಣನಿಗಾಗಿ ನೋಡೇ ನೋಡ್ತೀಯ. ಪಂಚೆ ಉಟ್ಟು, ಚುಟ್ಟಾ ಹಚ್ಚಿ ಅವರ ನರಸಿಂಹ ನಿಂತರೆ ಸಾಕು, ಚೆನ್ನೈ ಜನವೂ ಶಿಳ್ಳೆ ಹೊಡೆದರು. ಬಂದು ಹೋಗೋದು ಕೆಲವೇ ನಿಮಿಷ. ಮೊದಲರ್ಧದಲ್ಲಿ ರಜನಿಕಾಂತ್ ಮಾಡಿರೋ ರಿಟೈರ್ ಆದ ಜೈಲರ್ ಮುತ್ತುವೇಲ್ ಮಗನ ಶೂ ಪಾಲಿಶ್ ಮಾಡಿಕೊಂಡು, ಮೊಮ್ಮಗನ ವಿಡಿಯೋಗೆ ಸಹಾಯ ಮಾಡಿಕೊಂಡು ಇರೋವಷ್ಟು ಹೊತ್ತು ನಿರ್ದೇಶಕ ನೆಲ್ಸನ್ ‘ಬಾಷಾ’ ಪಾಠವನ್ನು ಚೆನ್ನಾಗಿಯೇ ಒಪ್ಪಿಸುತ್ತಾರೆ. ಆಮೇಲೆ ಕಿರೀಟ ಕದಿಯೋ ಕಥೆ ಬಂದು ಎಲ್ಲ ಸಡಿಲ. ಅದೇ ನೆಲ್ಸನ್ ಮಾಡಿದ ‘ಡಾಕ್ಟರ್’ (2021) ಇದಕ್ಕಿಂತ ಬಿಗಿಯಾಗಿದೆ. ಸದಾ ಬಡಬಡ ಅನ್ನೋ ಶಿವಕಾರ್ತಿಕೇಯನ್‌ಗೆ ಮುಖದಲ್ಲಿ ಏನೂ ತೋರಿಸಬೇಡ ಅಂತ ಹೇಳಿ ನಗಿಸಿದ್ದಾರೆ.

ಒಂದು ಮಾತು: ಹಿಂದಿ ಡಬ್ಬಿಂಗ್‌ನಲ್ಲಿ ನೋಡಿ ನನಗೆ ಬೈಬೇಡ. ತಮಿಳಲ್ಲೇ ನೋಡು. ಮೊದಲು ‘ಕೈದಿ’, ಅದೂ ರಾತ್ರಿ, ಒಂದೇ ಉಸಿರಿಗೆ. ಮಾರನೇ ದಿನ ಮೀನಿನ ಸಾಂಬಾರು. ‘ಜೈಲರ್’ ಬಗ್ಗೆ ಜಗಳ ಆಡೋದಿದ್ದರೆ ಭಾನುವಾರ ಫೋನ್ ಮಾಡು. ಬೆಳಿಗ್ಗೆ ಹತ್ತರ ಮೇಲೆ.

ನಿನ್ನವ